ಅರಶಿನದ ಗೆರೆ

ಬೆಳ್ಮಣ್ಣಿನ ಚಂದ್ರಮತಿ ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಆದರೆ ಮಕ್ಕಳ ಮೈ ಓದುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಯಾರದೇ ಮನೆಯಲ್ಲಿ ಮಗು ಕೆಂಡದ ಹಾಗೆ ಕಾದರೆ, ಮೈಮೇಲೆ ಏನಾದರೂ ಎದ್ದರೆ, ಜನ ಮೊದಲು ಅವಳ ಅಂಗಳಕ್ಕೆ ಓಡಿ ಬರುತ್ತಿದ್ದರು. ಕಟ್ಟುತ್ತಿದ್ದ ಬೀಡಿಯನ್ನು ಅರ್ಧಕ್ಕೆ ಬಿಟ್ಟು, ತಂಬಾಕಿನ ಕೈಯನ್ನು ತೊಳೆದು, ಸೆರಗಿಗೆ ಒರೆಸಿಕೊಂಡು ಅವಳು ಹೊರಡುತ್ತಿದ್ದಳು. ಹಣೆ ಮುಟ್ಟುವಳು, ಕಿವಿಯ ಹಿಂದೆ ನೋಡುವಳು, ಹೊಟ್ಟೆಯ ಮೇಲೆ ಬೆರಳಾಡಿಸುವಳು. ಆಮೇಲೆ ಒಂದೇ ಮಾತು: "ಇದು ಬೆವರುಸಾಲೆ", "ಇದು ಹುಳ ಹರಿದದ್ದು", ಇಲ್ಲವೇ ಸೆರಗನ್ನು ತಲೆಗೆ ಎಳೆದುಕೊಂಡು, ದನಿ ತಗ್ಗಿಸಿ, "ಇದು ದೇವಿ."

ಜ್ವರದ ಜೊತೆ ಮೈಯಲ್ಲಿ ಕೆಂಪು ಎದ್ದರೆ ಅದಕ್ಕೆ ರೋಗವೆಂಬ ಹೆಸರನ್ನು ಅವಳು ಇಡುತ್ತಿರಲಿಲ್ಲ. ದಡಾರವಾಗಲಿ, ಸೀತಾಳೆ ಸಿಡುಬಾಗಲಿ, ಅದು ಮನೆಗೆ ಬಂದ ನೆಂಟತಿ. ಬಂದವಳನ್ನು ತಂಪಿನಲ್ಲಿ ಇರಿಸಿ, ತಂಪಿನಲ್ಲೇ ಕಳುಹಿಸಬೇಕು. ಅವಳಿರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಸಿಡಿಯಬಾರದು. ಮಗುವಿಗೆ ಬೇವಿನ ಸೊಪ್ಪೇ ಹಾಸಿಗೆ, ಬೇವಿನ ಸೊಪ್ಪೇ ಬೀಸಣಿಗೆ. ಹೊರಗಿನವರು ಒಳಗೆ ಬರಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟು ಇನ್ನೊಂದಿತ್ತು. ದೇವಿ ಇಳಿದು, ತಲೆಗೆ ನೀರು ಬೀಳುವ ತನಕ ಮಗು ಹೊಸ್ತಿಲು ದಾಟಬಾರದು.

ಈ ಕಟ್ಟನ್ನು ಚಂದ್ರಮತಿ ಯಾರ ಬಾಯಿಂದಲೋ ಕೇಳಿ ಕಲಿತದ್ದಲ್ಲ. ಮಡಿಲು ಸುಟ್ಟುಕೊಂಡು ಕಲಿತದ್ದು.

ಅವಳ ಮೊದಲ ಮಗಳು ಜಲಜ. ಗೋಡೆ ಹಿಡಿದು ನಡೆಯಲು ಕಲಿತ ಹೊಸತರಲ್ಲಿ ಮಗುವಿನ ಮೈತುಂಬ ಕೆಂಪೆದ್ದಿತು. ಕಣ್ಣು ಮೂಗಿನಲ್ಲಿ ನೀರು, ಬಿಡದ ಕೆಮ್ಮು. ಅತ್ತೆ ಬೇವು ಹಾಸಿ ಮಲಗಿಸಿದಳು. ದಿನ ಕಳೆದಂತೆ ಮಗುವಿನ ಉಸಿರು ಏರಿ, ಪಕ್ಕೆಗಳು ಒಳಕ್ಕೆ ಸೆಳೆಯತೊಡಗಿದಾಗ ಚಂದ್ರಮತಿಯ ಗಂಡ ಯಾರ ಮಾತೂ ಕೇಳದೆ ಮಗುವನ್ನು ಎತ್ತಿಕೊಂಡು ಕಾರ್ಕಳದ ಬಸ್ಸು ಹತ್ತಿಸಿದ. ಆಸ್ಪತ್ರೆ ಬರುವ ಮೊದಲೇ, ಬಸ್ಸಿನ ಸೀಟಿನಲ್ಲಿ, ಚಂದ್ರಮತಿಯ ತೊಡೆಯ ಮೇಲೆ ಮಗು ತಣ್ಣಗಾಯಿತು. "ಮೈಮೇಲೆ ದೇವಿ ಇರುವಾಗ ಹೊಸ್ತಿಲು ದಾಟಿಸಿದಿರಿ. ಅವಳು ಸುಮ್ಮನೆ ಬಿಡುತ್ತಾಳಾ?" ಎಂದಳು ಅತ್ತೆ. ಆ ಮಾತು ಚಂದ್ರಮತಿಯ ಎದೆಯೊಳಗೆ ಹಸಿಗೋಡೆಗೆ ಹೊಡೆದ ಮೊಳೆಯಂತೆ ಕೂತಿತು.

ಕೆಲವು ವರ್ಷಗಳ ಮೇಲೆ ಮಗ ಶಾಮಸುಂದರನಿಗೂ ಮೈಯೆಲ್ಲ ಎದ್ದಿತು. ಈ ಸಲ ಅವಳು ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು. "ದಾಟುವುದಾದರೆ ನನ್ನ ಹೆಣ ದಾಟಿ" ಎಂದು ಗಂಡನಿಗೆ ಹೇಳಿದಳು. ಹುಡುಗ ಬದುಕಿದ. ಒಂದನ್ನು ದಾಟಿಸಿ ಕಳೆದುಕೊಂಡಳು, ಒಂದನ್ನು ದಾಟಿಸದೆ ಉಳಿಸಿಕೊಂಡಳು. ಇದಕ್ಕಿಂತ ದೊಡ್ಡ ಪಾಠ ಬೇಕೇ? ಆಮೇಲೆ ಅವಳು ನೋಡಿದ ಮಕ್ಕಳಲ್ಲಿ ಹೆಚ್ಚಿನವರು ತಾವಾಗಿಯೇ ಗುಣವಾದರು. ಹೆಚ್ಚಿನ ಜ್ವರಗಳು ತಾವಾಗಿಯೇ ಇಳಿಯುವಂಥವು ಎಂದು ಅವಳಿಗೆ ಹೇಳುವವರು ಯಾರಿದ್ದರು? ಇಳಿದ ಒಂದೊಂದು ಜ್ವರವೂ ಅವಳ ಹೆಸರಿಗೆ ಸೇರುತ್ತಾ ಹೋಯಿತು.

ಆ ಶಾಮಸುಂದರನೇ ಮುಂದೆ ಅಬುಧಾಬಿಗೆ ಹೋದ. ಅಲ್ ಮೀನಾದ ಬಂದರಿನಲ್ಲಿ ಸರಕು ಬಿಡಿಸುವ ಕಚೇರಿಯೊಂದರಲ್ಲಿ ಕೆಲಸ. ಹೆಂಡತಿ ಸುಪ್ರೀತಾ ಹಮ್ದಾನ್ ಸ್ಟ್ರೀಟಿನ ಹೋಟೆಲೊಂದರ ರಿಸೆಪ್ಷನ್‌ನಲ್ಲಿ. ಇಬ್ಬರೂ ದುಡಿಯದಿದ್ದರೆ ಖಾಲಿದಿಯಾದ ಫ್ಲ್ಯಾಟಿನ ಬಾಡಿಗೆಗೆ ದುಡ್ಡು ಸಾಲದು. ಹೆರಿಗೆ ರಜೆ ಎಂದು ಸಿಕ್ಕಿದ್ದು ಬಾಣಂತಿಯ ಸೊಂಟ ನೆಟ್ಟಗಾಗುವಷ್ಟರಲ್ಲಿ ಮುಗಿದುಹೋಗಿತ್ತು. ಹಾಗಾಗಿ ಆ ಊರಿನ ಎಷ್ಟೋ ಮನೆಗಳಂತೆ ಇವರ ಮನೆಯಲ್ಲೂ ಅಜ್ಜಿಯಂದಿರ ಪಾಳಿ ನಡೆಯುತ್ತಿತ್ತು. ವಿಸಿಟ್ ವೀಸಾದಲ್ಲಿ ಒಬ್ಬಳು ಬರುವುದು, ಅದು ಮುಗಿದಾಗ ಅವಳು ಹೋಗಿ ಇನ್ನೊಬ್ಬಳು ಬರುವುದು. ಎರಡು ಸಾವಿರದ ಹದಿನಾಲ್ಕರ ಚಳಿ ಇಳಿಯುವ ಹೊತ್ತಿಗೆ ಸುಪ್ರೀತಾಳ ತಾಯಿ ಮಂಡಿನೋವೆಂದು ಊರಿಗೆ ಹೊರಟಳು, ಚಂದ್ರಮತಿ ಬಂದಿಳಿದಳು.

ಬಂದವಳು ಬಾಗಿಲಲ್ಲೇ ನಿಂತಳು. "ಇದೆಂಥ ಮನೆ ಮಾರಾಯ, ಹೊಸ್ತಿಲೇ ಇಲ್ಲ!"

"ಇಲ್ಲಿ ಯಾವ ಮನೆಗೂ ಇಲ್ಲಮ್ಮ" ಎಂದ ಶಾಮಸುಂದರ, ಅವಳ ಚೀಲಗಳನ್ನು ಒಳಗೆ ಎಳೆಯುತ್ತಾ.

"ಮತ್ತೆ ಲಕ್ಷ್ಮಿ ಎಲ್ಲಿ ಕೂತುಕೊಳ್ಳುವುದು?"

"ಸೋಫಾ ಉಂಟಲ್ಲ" ಎಂದಳು ಸುಪ್ರೀತಾ. ಚಂದ್ರಮತಿಗೂ ನಗು ತಡೆಯಲಾಗಲಿಲ್ಲ. ಸೊಸೆ ಬಾಯಿಗಟ್ಟಿ, ಆದರೆ ಮನಸ್ಸು ಹಾಲು ಎಂದುಕೊಂಡಳು.

ಮೊಮ್ಮಗ ಧನ್ವಿತನಿಗೆ ಮೂರು ತುಂಬಿತ್ತು. ಅಜ್ಜಿ ತುಳುವಿನಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರಿಸುವನು. ಇಬ್ಬರಿಗೂ ಅದರಿಂದ ಏನೂ ತೊಂದರೆಯಾಗಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೂ ಕಟ್ಟಡದ ಹಿಂದಿನ ಪಾರ್ಕಿಗೆ ಇಳಿಯುವರು. ಅಲ್ಲೊಂದು ಬೇವಿನ ಮರ. ಮರಳಿನ ಊರಿನಲ್ಲಿ ಬೇವನ್ನು ಕಂಡ ದಿನ ಚಂದ್ರಮತಿಗೆ ತವರಿನವರನ್ನೇ ಕಂಡಷ್ಟು ಹಿಗ್ಗಾಗಿತ್ತು. ಅವಳು ಮರದ ಬುಡದಲ್ಲಿ ಕೈ ಅಗಲಿಸಿ ನಿಲ್ಲುವಳು. ಹುಡುಗ ಜಾರುಬಂಡಿಯ ಬಳಿಯಿಂದ ಕಿರುಚುತ್ತಾ ಓಡಿ ಬಂದು ಅವಳ ಸೀರೆಯ ನೆರಿಗೆಗೆ ಢಿಕ್ಕಿ ಹೊಡೆಯುವನು.

"ಅಜ್ಜಿ, ಐ ಆಮ್ ಫಾಸ್ಟ್!"

"ಎಷ್ಟು ಫಾಸ್ಟು? ಬಸ್ಸಾ, ರೈಲಾ?"

"ನೋ! ಪ್ಲೇನ್!"

"ಹಾಗಾದರೆ ಇನ್ನೊಮ್ಮೆ ಹಾರು ನೋಡುವಾ, ಓಡು!"

ಆ ಢಿಕ್ಕಿಗಾಗಿಯೇ ಅವಳು ಹಗಲಿಡೀ ಕಾಯುತ್ತಿದ್ದಳು.

ಎದುರು ಬಾಗಿಲಿನಲ್ಲಿ ಎಲ್ಸಿ ಇದ್ದಳು. ಶಿರ್ವದ ಕಡೆಯ ಕೊಂಕಣಿ ಹೆಂಗಸು, ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಬೆಳ್ಮಣ್ಣು ಶಿರ್ವ ಎಂದರೆ ಅಕ್ಕಪಕ್ಕದ ಊರು. ಮೊದಲ ವಾರದಲ್ಲೇ ಇಬ್ಬರೂ ಒಂದೇ ಬಸ್ಸಿನ ಕಂಡಕ್ಟರನನ್ನು ಬೈದುಕೊಂಡು ಗೆಳತಿಯರಾದರು. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಚಂದ್ರಮತಿ ಅವಳನ್ನು ಬಾಯಮ್ಮ ಎನ್ನುವಳು, ಅವಳು ಇವಳನ್ನು ಚಂದ್ರಕ್ಕ. ಒಬ್ಬಳ ಪತ್ರೊಡೆ ಆ ಮನೆಗೆ, ಇನ್ನೊಬ್ಬಳ ಇಡ್ಲಿಯಂಥ ಸಾನ್ನ ಈ ಮನೆಗೆ.

ಹೀಗಿರುವಾಗ ಒಂದು ದಿನ ಮಧ್ಯಾಹ್ನ ಹುಡುಗ ಅನ್ನ ಮುಟ್ಟಲಿಲ್ಲ. ಸಂಜೆಗೆ ಮೈ ಕಾವಲಿ. ಮರುದಿನ ತಂದೆ ತಾಯಿ ಕ್ಲಿನಿಕ್ಕಿಗೆ ಒಯ್ದರು. ಡಾಕ್ಟರು ಗಂಟಲು, ಕಿವಿ ನೋಡಿ, "ಸದ್ಯಕ್ಕೆ ಸಾಮಾನ್ಯ ವೈರಲ್ ಜ್ವರದಂತೆ ಕಾಣುತ್ತದೆ. ಆದರೆ ಎರಡು ಮೂರು ದಿನದಲ್ಲಿ ಬಿಡದಿದ್ದರೆ, ಮೈಮೇಲೆ ಏನಾದರೂ ಎದ್ದರೆ ಕಾಯಬೇಡಿ, ಕರೆದುಕೊಂಡು ಬನ್ನಿ" ಎಂದು ಸಿರಪ್ ಬರೆದುಕೊಟ್ಟರು. ಜ್ವರ ಬಿಡಲಿಲ್ಲ. ಸಿರಪ್ ಕುಡಿಸಿದಾಗ ಅಷ್ಟು ಹೊತ್ತು ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು. ಅದರ ಬೆನ್ನಿಗೇ ಎದೆ ಬೆನ್ನಿನ ಮೇಲೆ ಕೆಂಪು ಕೆಂಪಾಗಿ ಎದ್ದಿತು.

ಸುಪ್ರೀತಾ ಮಗುವಿನ ಅಂಗಿ ಎತ್ತಿ ನೋಡಿದವಳೇ ಕೈಚೀಲಕ್ಕೆ ಕೈ ಹಾಕಿದಳು. "ಡಾಕ್ಟರ್ ಹೇಳಿದ್ದರು. ಈಗಲೇ ಹೋಗುವಾ."

ಚಂದ್ರಮತಿ ಆಗಲೇ ಸೆರಗನ್ನು ತಲೆಗೆ ಎಳೆದುಕೊಂಡಿದ್ದಳು. "ಎಲ್ಲಿಗೆ ಹೋಗುವುದು? ಬಂದವಳು ಯಾರು ಅಂತ ಗೊತ್ತುಂಟಾ ನಿನಗೆ?"

"ಅತ್ತೆ, ಇವನಿಗೆ ದಡಾರದ್ದು, ಸಿಡುಬಿನದ್ದು ಎಲ್ಲಾ ಚುಚ್ಚಿಸಿಯಾಗಿದೆ. ಅದು ಹೇಗೆ ಬರ್ತದೆ?"

"ಚುಚ್ಚಿಸಿದ್ದಕ್ಕೆ ದೇವಿ ಹೆದರುವುದಾ? ಅವಳೇನು ನಿನ್ನ ಹೋಟೆಲಿನ ಗಿರಾಕಿಯಾ, ರೂಮಿಲ್ಲ ಅಂದಕೂಡಲೆ ವಾಪಸು ಹೋಗಲಿಕ್ಕೆ?"

ಸುಪ್ರೀತಾ ಗಂಡನ ಮುಖ ನೋಡಿದಳು. ಶಾಮಸುಂದರ ಮಗುವನ್ನು ನೋಡಿದ, ತಾಯಿಯನ್ನು ನೋಡಿದ. ಅಕ್ಕ ಜಲಜಳ ಕತೆಯನ್ನು ಕೇಳಿಕೊಂಡೇ ಬೆಳೆದವನು ಅವನು. ತಾನು ಉಳಿದದ್ದು ಹೇಗೆ ಎಂಬುದನ್ನೂ. "ಎರಡು ದಿನ ನೋಡುವಾ ಸುಪ್ರೀತಾ" ಎಂದ. "ಅಮ್ಮನಿಗೆ ಗೊತ್ತಿರ್ತದೆ."

ಸುಪ್ರೀತಾಳಿಗೆ ರಜೆ ಉಳಿದಿರಲಿಲ್ಲ. ಅತ್ತೆ ಮುನಿಸಿಕೊಂಡು ಟಿಕೆಟು ಮಾಡಿಸಿ ಎಂದುಬಿಟ್ಟರೆ ಮಗುವನ್ನು ನೋಡುವವರು ಯಾರು? ಬಾಯಿಗಟ್ಟಿಯಾದ ಹುಡುಗಿ ಆ ದಿನ ಬಾಯಿ ಮುಚ್ಚಿಕೊಂಡಳು. ಕೈಚೀಲ ಮತ್ತೆ ಮೊಳೆಗೆ ಏರಿತು.

ಚಂದ್ರಮತಿ ಸೊಂಟ ಕಟ್ಟಿ ನಿಂತಳು. ಪಾರ್ಕಿನ ಮಾಲಿಯ ಹತ್ತಿರ ಕೈಸನ್ನೆಯಲ್ಲೇ ಬೇಡಿ ಬೇವಿನ ಗೆಲ್ಲು ತಂದಳು. ಒಗ್ಗರಣೆ ನಿಲ್ಲಿಸಿದಳು. ಬಾಗಿಲಲ್ಲಿ ಹೊಸ್ತಿಲಿಲ್ಲವಲ್ಲ, ಅರಶಿನವನ್ನು ನೀರಿನಲ್ಲಿ ಕಲಸಿ, ಮೂರು ಬೆರಳು ಅದ್ದಿ, ಬಿಳಿ ಟೈಲಿನ ಮೇಲೆ ಈ ಕಡೆಯಿಂದ ಆ ಕಡೆಗೆ ದಪ್ಪ ಗೆರೆ ಎಳೆದಳು. "ಇದೇ ಹೊಸ್ತಿಲು" ಎಂದಳು.

ಆದರೆ ಈ ದೇವಿ ಅವಳು ಕಂಡ ದೇವಿಯಂತೆ ಇರಲಿಲ್ಲ. ಸಿಡುಬಾದರೆ ನೀರುಗುಳ್ಳೆ ಏಳಬೇಕು, ಏಳಲಿಲ್ಲ. ದಡಾರವಾದರೆ ಮೂಗು ಸುರಿಯಬೇಕು, ಕೆಮ್ಮಬೇಕು, ಅದೂ ಇಲ್ಲ. ಎರಡೂ ಕಣ್ಣು ಕುಂಕುಮದಷ್ಟು ಕೆಂಪು, ಆದರೆ ಪಿಸುರಿಲ್ಲ, ನೀರಿಲ್ಲ. ತುಟಿ ಒಡೆದು ರಕ್ತ ಜಿನುಗುತ್ತಿತ್ತು. ನಾಲಿಗೆ ಕೆಂಪಾಗಿ, ಸಣ್ಣ ಸಣ್ಣ ಮುಳ್ಳು ಎದ್ದಂತೆ ಒರಟು. ಕುತ್ತಿಗೆಯ ಒಂದು ಬದಿಯಲ್ಲಿ ಅಡಿಕೆಯಷ್ಟು ಗಂಟು. ಅಂಗೈ ಅಂಗಾಲು ಊದಿ, ಮುಟ್ಟಿದರೆ ಚೀರುತ್ತಿದ್ದ. ಯಾವಾಗಲೂ ನಗುವ ಹುಡುಗ, ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಇದನ್ನೆಲ್ಲ ಅವಳ ಕಣ್ಣು ಕಂಡಿತು. ಕಂಡದ್ದನ್ನು ಮನಸ್ಸು ತನಗೆ ಬೇಕಾದ ಕಡೆಗೆ ತಿರುಗಿಸಿಕೊಂಡಿತು. ಎ.ಸಿ.ಯ ಗಾಳಿಗೆ ದೇವಿ ಸರಿಯಾಗಿ ಹೊರಗೆ ಬರಲಿಲ್ಲ, ಒಳಗೇ ನಿಂತಿದ್ದಾಳೆ ಎಂದು ಎ.ಸಿ. ಆರಿಸಿದಳು. ಬೆವರು ಸುರಿಸುತ್ತಾ ಕೂತು ಬೇವಿನಲ್ಲಿ ಗಾಳಿ ಬೀಸಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಎಷ್ಟು ಮಂದಿಗೆ ಹೇಳಿದ್ದಳೋ ಏನೋ. ಕೆಂಪಗಿರುವುದೆಲ್ಲ ದೇವಿಯಲ್ಲ ಎಂದು ಅವಳಿಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಎಲ್ಸಿ ಗಂಜಿಯ ಪಾತ್ರೆ ಹಿಡಿದು ಬಂದಳು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು, ಬಿಳಿ ಬಟ್ಟೆ ಇನ್ನೂ ಮೈಮೇಲಿತ್ತು. ಚಂದ್ರಮತಿ ಬಾಗಿಲನ್ನು ಅರ್ಧ ತೆರೆದು, ಗೆರೆಯ ಈಚೆ ಅಡ್ಡ ನಿಂತಳು.

"ಮಗು ಅಳುವುದು ನಮ್ಮಲ್ಲಿಗೂ ಕೇಳ್ತದೆ ಚಂದ್ರಕ್ಕ. ಎಂಥದು?"

"ಎಂಥದು ಅಂತ ಬಾಯಿ ಬಿಟ್ಟು ಹೇಳುವ ಹಾಗಿಲ್ಲ ಬಾಯಮ್ಮ. ಬಂದಿದ್ದಾಳೆ."

ಎಲ್ಸಿ ಆ ಕಡೆಯವಳೇ, ಅವಳಿಗೆ ಅರ್ಥವಾಯಿತು. "ಕಣ್ಣು ಕೆಂಪಾಗಿದೆಯಾ?"

"ದೇವಿ ಬಂದ ಮೇಲೆ ಕಣ್ಣು ಕೆಂಪಾಗದೆ ಹಸಿರಾಗ್ತದಾ?"

"ತುಟಿ ಒಡೆದಿದೆಯಾ? ನಾನೊಮ್ಮೆ ನೋಡ್ತೇನೆ ಬಿಡಿ. ಮುಟ್ಟುವುದಿಲ್ಲ, ದೂರದಿಂದ."

ಅವಳ ಚಪ್ಪಲಿ ಗೆರೆಯ ಅಂಚಿಗೆ ಬಂದಿತ್ತು. ಚಂದ್ರಮತಿ ಕೈ ಅಡ್ಡ ಹಿಡಿದಳು. "ಬೇಡ. ನೀವು ಆಸ್ಪತ್ರೆಯಿಂದ ಬಂದವರು. ಯಾರ್ಯಾರ ನೋವು, ಯಾರ್ಯಾರ ಸಾವು ಮುಟ್ಟಿದ ಬಟ್ಟೆ ಅದು. ಬೇಸರ ಮಾಡಬೇಡಿ, ಒಳಗೆ ಮಾತ್ರ ಬರಬೇಡಿ."

ಎಲ್ಸಿಯ ಮುಖ ಸಣ್ಣದಾಯಿತು. ಗಂಜಿಯ ಪಾತ್ರೆಯನ್ನು ಗೆರೆಯ ಆಚೆಯೇ ನೆಲದ ಮೇಲಿಟ್ಟು ತನ್ನ ಬಾಗಿಲು ಹಾಕಿಕೊಂಡಳು. ಸಂಜೆ ಲಿಫ್ಟಿನಲ್ಲಿ ಶಾಮಸುಂದರನಿಗೆ, "ಮಗುವನ್ನು ಡಾಕ್ಟರಿಗೆ ತೋರಿಸಿ ಬ್ರದರ್" ಎಂದಳು. "ಅಮ್ಮ ಇದ್ದಾರಲ್ಲ, ಇಳೀತಾ ಉಂಟು" ಎಂದ ಅವನು. ಅವಳು ಇನ್ನೊಂದು ಮಾತು ಆಡಲಿಲ್ಲ. ಬಾಗಿಲಲ್ಲಿ ತಡೆಸಿಕೊಂಡ ನೋವು ಅವಳ ನಾಲಿಗೆಯನ್ನೂ ತಡೆದಿತ್ತು.

ಜ್ವರ ಇಳಿಯಿತು. ತನ್ನ ಪಾಡಿಗೆ ಬಂದದ್ದು, ತನ್ನ ಪಾಡಿಗೆ, ಎರಡನೆಯ ವಾರ ಅರ್ಧ ಕಳೆದ ಮೇಲೆ ಇಳಿಯಿತು. ಮೈಯ ಕೆಂಪು ಮಾಸಿತು, ಕಣ್ಣು ತಿಳಿಯಾಯಿತು. ಹುಡುಗ ಮೊಸರನ್ನ ಉಂಡ. ಚಂದ್ರಮತಿ ಅರಶಿನ ಬೇವಿನ ನೀರು ಕಾಯಿಸಿ ಅವನ ತಲೆಗೆ ಹಾಕಿದಳು. ಮೈ ಒರೆಸುವಾಗ ಬೆರಳ ತುದಿಯಲ್ಲಿ ಸಿಪ್ಪೆ ಸುಲಿಯುತ್ತಿದ್ದುದು ಕಂಡಿತು. "ನೋಡು, ಹೋಗುವಾಗ ದೇವಿ ಸೀರೆ ಬದಲಿಸ್ತಾಳೆ" ಎಂದು ಸೊಸೆಗೆ ತೋರಿಸಿದಳು. ಸುಪ್ರೀತಾ ಅತ್ತೆಯ ಕಾಲಿಗೆ ಬಿದ್ದಳು. "ನಾನು ಸುಮ್ಮನೆ ಹೆದರಿದ್ದೆ ಅತ್ತೆ" ಎಂದಳು.

ಅಂದು ಮನೆಯಲ್ಲಿ ಮತ್ತೆ ಒಗ್ಗರಣೆ ಸಿಡಿಯಿತು. ಚಂದ್ರಮತಿ ಬೆಲ್ಲ ತೆಂಗಿನಕಾಯಿ ಹಾಕಿ ಕಡುಬು ಮಾಡಿದಳು. ಅವಳ ನಡಿಗೆಯಲ್ಲಿ ಯುದ್ಧ ಗೆದ್ದು ಬಂದವರ ಠೀವಿ. ಎದುರು ಬಾಗಿಲು ತಟ್ಟಿ, "ಬಾಯಮ್ಮ, ಮುನಿಸು ಸಾಕು. ಕಡುಬು ತಿನ್ನಲಿಕ್ಕೆ ಬನ್ನಿ, ಗೆರೆ ಒರೆಸಿ ಆಯಿತು" ಎಂದು ಎಲ್ಸಿಯ ಕೈಹಿಡಿದು ಕರೆತಂದಳು. ಗೆರೆ ಒರೆಸಿದ್ದೇನೋ ನಿಜ. ಆದರೆ ಬಿಳಿ ಟೈಲು ಅರಶಿನ ಕುಡಿದಿತ್ತು, ಹಳದಿ ಹೋಗಿರಲಿಲ್ಲ.

ಎಲ್ಸಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಒಂದು ಚೂರು ಕಡುಬನ್ನು ಅವನ ಕೈಗಿಡಲು ಹೋಗಿ, ಕೈಯನ್ನು ಹಾಗೇ ಹಿಡಿದುಕೊಂಡಳು. ಉಗುರಿನ ಸುತ್ತ ಚರ್ಮ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಅವನ ಕಾಲನ್ನೂ ತಿರುಗಿಸಿ ನೋಡಿದಳು. ಕಡುಬು ತಟ್ಟೆಗೆ ಹೋಯಿತು.

"ಚಂದ್ರಕ್ಕ, ಜ್ವರ ಐದು ದಿನಕ್ಕಿಂತ ಹೆಚ್ಚಿತ್ತಾ?"

"ಐದು ಎಲ್ಲಿಯದು? ಅದರ ಎರಡರಷ್ಟು ಇದ್ದಳು. ಹಟಮಾರಿ ದೇವಿ."

"ಕಣ್ಣು ಕೆಂಪು. ತುಟಿ ಒಡೆದದ್ದು. ನಾಲಿಗೆ ಮುಳ್ಳು ಮುಳ್ಳು. ಕೈಕಾಲು ಊದಿದ್ದು. ಎಲ್ಲಾ ಇತ್ತಾ?"

"ಇತ್ತು. ನೋಡಿದವರ ಹಾಗೆ ಹೇಳ್ತೀರಲ್ಲ!" ಎಂದು ಚಂದ್ರಮತಿ ನಕ್ಕಳು.

ಎಲ್ಸಿ ನಗಲಿಲ್ಲ. ಸುಪ್ರೀತಾಳ ಕಡೆ ತಿರುಗಿ, "ಈಗಲೇ ಹೊರಡು. ನಾನೂ ಬರ್ತೇನೆ. ಹಾರ್ಟಿನ ಸ್ಕ್ಯಾನ್ ಆಗಬೇಕು" ಎಂದಳು.

"ಹಾರ್ಟಾ?" ಎಂದಳು ಚಂದ್ರಮತಿ. "ಚರ್ಮಕ್ಕೂ ಹಾರ್ಟಿಗೂ ಎಂಥ ನೆಂಟಸ್ತಿಕೆ?" ಅವಳಿಗೆ ಉತ್ತರ ಕೊಡುವಷ್ಟು ಹೊತ್ತು ಯಾರಿಗೂ ಇರಲಿಲ್ಲ.

ಆ ನೆಂಟಸ್ತಿಕೆಯನ್ನು ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಮ್ಮ ಬಿಡಿಸಿ ಹೇಳಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಎಲ್ಸಿ ತುಂಡು ತುಂಡಾಗಿ ಚಂದ್ರಮತಿಗೆ ತಿಳಿಸಿದಳು. ಇದಕ್ಕೆ ಕವಾಸಾಕಿ ಎಂದು ಹೆಸರು. ಸಣ್ಣ ಮಕ್ಕಳಿಗೆ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಏಕೆ ಬರುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೈಮೇಲೆ ಕಾಣುವ ಕೆಂಪು ಬಾಗಿಲ ಮುಂದಿನ ಗದ್ದಲ ಅಷ್ಟೆ. ಕಳ್ಳ ಒಳಗೆ ರಕ್ತನಾಳಗಳಲ್ಲಿ ಇರುತ್ತಾನೆ. ಜ್ವರ ಶುರುವಾಗಿ ಹತ್ತು ದಿನದೊಳಗೆ ಒಂದು ಮದ್ದನ್ನು ರಕ್ತಕ್ಕೆ ಬಿಟ್ಟರೆ ಹೆಚ್ಚಿನ ಮಕ್ಕಳ ಹೃದಯ ಉಳಿಯುತ್ತದೆ. ಧನ್ವಿತನ ಹೃದಯಕ್ಕೆ ರಕ್ತ ಒಯ್ಯುವ ನಾಳ ಒಂದು ಕಡೆ ಉಬ್ಬಿ ನಿಂತಿದೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಪಾಯ. ಇನ್ನು ದಿನವೂ ರಕ್ತ ತೆಳುವಾಗುವ ಮದ್ದು. ಬೀಳಬಾರದು, ಪೆಟ್ಟಾಗಬಾರದು, ಓಡಬಾರದು.

"ಯಾವಾಗಿನ ತನಕ?" ಎಂದು ಕೇಳಿದ ಶಾಮಸುಂದರ.

"ಕೆಲವು ಮಕ್ಕಳಲ್ಲಿ ವರ್ಷಗಳಲ್ಲಿ ಕುಗ್ಗುತ್ತದೆ. ಕೆಲವರಲ್ಲಿ ಇಲ್ಲ. ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕು."

ಯಾರೂ ಚಂದ್ರಮತಿಯ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಎಲ್ಸಿಯ ತೋಳು ಹಿಡಿದು, "ಬಾಯಮ್ಮ, ಡಾಕ್ಟರಮ್ಮನ ಹತ್ತಿರ ನನ್ನದೊಂದು ಮಾತು ಕೇಳಿ" ಎಂದಳು.

"ಏನು ಹೇಳಿ."

"ದಡಾರ ಎದ್ದ ಮಗು. ಕೆಮ್ಮು. ಪಕ್ಕೆ ಒಳಗೆ ಎಳೀತಿತ್ತು. ಬಸ್ಸಿನಲ್ಲಿ ಒಯ್ದರೆ, ಆ ಗಾಳಿಗೆ, ಹೊಸ್ತಿಲು ದಾಟಿಸಿದ್ದಕ್ಕೆ, ಸಾಯ್ತದಾ?"

ಎಲ್ಸಿ ಅದನ್ನು ಡಾಕ್ಟರಮ್ಮನಿಗೆ ಹೇಳಿದಳು. ಡಾಕ್ಟರಮ್ಮ ಈ ಮುದುಕಿ ಯಾವ ಮಗುವಿನ ಮಾತಾಡುತ್ತಿದ್ದಾಳೆಂದು ತಿಳಿಯದೆ ಅವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಏನೋ ಹೇಳಿದಳು. ಎಲ್ಸಿ ನೆಲ ನೋಡುತ್ತಾ ತಿಳಿಸಿದಳು: "ಅದು ದಡಾರ ಶ್ವಾಸಕೋಶಕ್ಕೆ ಇಳಿದದ್ದು ಇರಬೇಕಂತೆ. ಬಸ್ಸಿನಿಂದ ಯಾವ ಮಗುವೂ ಸಾಯುವುದಿಲ್ಲವಂತೆ ಚಂದ್ರಕ್ಕ. ಮೊದಲೇ ಹತ್ತಿಸಿದ್ದರೆ..."

ಚಂದ್ರಮತಿ ಗೋಡೆಗುಂಟ ಜಾರಿ ನೆಲದ ಮೇಲೆ ಕೂತಳು. ಅಳಲಿಲ್ಲ. ಇಡೀ ಆಯುಷ್ಯದಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಪಾಠ. ಆ ಪಾಠವನ್ನೇ ತಲೆಕೆಳಗು ಓದಿದ್ದಳು. ಜಲಜ ಸತ್ತದ್ದು ದಾಟಿಸಿದ್ದಕ್ಕಲ್ಲ, ದಾಟಿಸಲು ತಡಮಾಡಿದ್ದಕ್ಕೆ. ಗಂಡನನ್ನು ಅವನು ಸಾಯುವ ತನಕ ಒಳಗೊಳಗೇ ದೂರಿದ್ದಳಲ್ಲ, ಆ ಮನೆಯಲ್ಲಿ ಸರಿಯಾದದ್ದನ್ನು ಮಾಡಲು ಹೊರಟವನು ಅವನೊಬ್ಬನೇ. ಅಂದು ಕಳೆದುಕೊಂಡ ಮಗಳನ್ನು ಅವಳು ಇಂದು ಎರಡನೆಯ ಸಲ ಕಳೆದುಕೊಂಡಳು.

ಮನೆಗೆ ಬಂದ ಮೇಲೆ ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಬೈಗುಳವನ್ನಾದರೂ ಹೊದ್ದು ಮಲಗಬಹುದಿತ್ತು. ಸುಪ್ರೀತಾ ಕೆಲಸಕ್ಕೆ ಹೋಗುವುದು ನಿಲ್ಲಿಸಿದಳು. ಮದ್ದಿನ ಹೊತ್ತಿಗೆ ಅವಳೇ ಏಳುವಳು, ಮಗುವಿನ ಮೈಮೇಲೆ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದ ಕಲೆ ಎದ್ದಿದೆಯೇ ಎಂದು ಅಂಗಿ ಬಿಚ್ಚಿ ನೋಡುವಳು. ಒಂದು ದಿನ ಅಡಿಗೆಮನೆಯಲ್ಲಿ ಚಂದ್ರಮತಿ ಸೊಸೆಯ ಕೈ ಹಿಡಿದುಕೊಂಡಳು.

"ನನಗೆ ಎರಡು ಏಟು ಹೊಡಿ ಮಗಾ. ಸುಮ್ಮನಿರಬೇಡ."

ಸುಪ್ರೀತಾ ಕೈ ಬಿಡಿಸಿಕೊಳ್ಳಲಿಲ್ಲ. "ನಿಮಗೆ ಹೊಡೆದು ಎಂಥ ಮಾಡಲಿ ಅತ್ತೆ? ನಾನು ಹೆತ್ತವಳು. ಡಾಕ್ಟರ್ ಹೇಳಿದ್ದು ನನಗೆ. ಮಗುವನ್ನು ಎತ್ತಿಕೊಂಡು ಆ ಗೆರೆ ದಾಟಿ ಹೋಗಬಹುದಿತ್ತು. ಅರಶಿನದ ಗೆರೆ ಅಲ್ಲವಾ ಅದು, ಗೋಡೆಯಾ?"

ಎದುರುಮನೆಯ ಎಲ್ಸಿಗೂ ಅದೇ ಕೊರಗು. "ನಾನು ನಿಮ್ಮನ್ನು ನೂಕಿಕೊಂಡು ಒಳಗೆ ಬರಬೇಕಿತ್ತು. ಮಾನ ಹೋಯಿತು ಅಂತ ಮುಖ ತಿರುಗಿಸಿದೆ" ಎಂದು ಒಂದಲ್ಲ ಹತ್ತು ಸಲ ಹೇಳಿದಳು. ಶಾಮಸುಂದರ ಮಾತ್ರ ಏನೂ ಹೇಳಲಿಲ್ಲ. ತಾಯಿಯ ಮುಂದೆ ಊಟಕ್ಕೆ ಕೂತರೆ ಅವನ ಕಣ್ಣು ತಟ್ಟೆಯಿಂದ ಮೇಲೇಳುತ್ತಿರಲಿಲ್ಲ. ಅವಳನ್ನು ನಂಬಿದ್ದು ಅವನು. ನಂಬಿದವನ ಮೌನ ಎಲ್ಲಕ್ಕಿಂತ ಭಾರ.

ಚಂದ್ರಮತಿ ಬಾಗಿಲ ಬಳಿ ಕೂತು ಟೈಲಿನ ಹಳದಿಯನ್ನು ಉಜ್ಜಿದಳು. ಸೋಪಿನಿಂದ, ನಿಂಬೆಯಿಂದ, ಸೊಸೆಯ ಬಾತ್‌ರೂಮಿನ ಆಸಿಡ್ಡಿನಿಂದ. ಮಾಸಿತು, ಹೋಗಲಿಲ್ಲ.

ವೀಸಾ ಮುಗಿಯುತ್ತಾ ಬಂತು. ಹೊರಡುವ ಹಿಂದಿನ ಸಂಜೆ ಹುಡುಗ ಅವಳ ಸೆರಗು ಜಗ್ಗಿದ. "ಅಜ್ಜಿ, ಪಾರ್ಕ್." ಚಂದ್ರಮತಿ ಸೊಸೆಯ ಮುಖ ನೋಡಿದಳು. ಸುಪ್ರೀತಾ ಮಗುವಿನ ಚಪ್ಪಲಿ ತಂದಿಟ್ಟು, "ಹೋಗಿ ಬನ್ನಿ ಅತ್ತೆ. ಕೈ ಬಿಡಬೇಡಿ" ಎಂದಳು. ಆ ಒಂದು ಮಾತಿಗೆ ಚಂದ್ರಮತಿಯ ಕಣ್ಣು ತುಂಬಿ ಬಂತು.

ಅವಳು ಕೈ ಬಿಡಲಿಲ್ಲ. ಹುಲ್ಲಿನ ಮೇಲೆ ಮೆಲ್ಲಗೆ ನಡೆಸಿದಳು, ಬೇವಿನ ಪಕ್ಕದ ಕಲ್ಲುಬೆಂಚಿನ ಮೇಲೆ ಜೊತೆಗೆ ಕೂರಿಸಿಕೊಂಡಳು. ಆದರೆ ಕಣ್ಣು ಒರೆಸಿಕೊಳ್ಳಲು ಸೆರಗು ಎತ್ತಿದ ಗಳಿಗೆಯಲ್ಲಿ ಹುಡುಗ ಜಾರಿಕೊಂಡ. ಅವನಿಗೆ ತನ್ನ ಆಟದ ಕಟ್ಟುಗಳು ಗೊತ್ತಿದ್ದವು. ಜಾರುಬಂಡಿಯ ಬಳಿ ಹೋಗಿ ನಿಂತು, ಅವಳು ಮರದ ಬುಡಕ್ಕೆ ಬರಲೆಂದು ಕೈಬೀಸಿದ. ಅವಳು ಎದ್ದು ನಿಲ್ಲುತ್ತಿದ್ದಂತೆಯೇ ಓಡತೊಡಗಿದ.

"ಅಜ್ಜಿ, ಪ್ಲೇನ್!"

"ಓಡಬೇಡಾ!"

ಆ ಕೂಗಿಗೆ ಪಾರ್ಕಿನ ಮಾಲಿ ತಿರುಗಿ ನೋಡಿದ. ಬೇರೆ ಮಕ್ಕಳೂ ನಿಂತರು. ಧನ್ವಿತ ಅರ್ಧ ದಾರಿಯಲ್ಲಿ, ನೆಟ್ಟ ಗೂಟದ ಹಾಗೆ ನಿಂತುಬಿಟ್ಟ. ಇಷ್ಟು ದಿನ ಓಡು ಓಡು ಎಂದ ಅಜ್ಜಿಗೆ ಈಗೇನಾಯಿತೆಂದು ಅವನಿಗೆ ತಿಳಿಯಲಿಲ್ಲ. ತಾನೇನೋ ತಪ್ಪು ಮಾಡಿದೆ ಎಂದುಕೊಂಡಿರಬೇಕು.

"ಸಾರಿ, ಅಜ್ಜಿ" ಎಂದ.

ಚಂದ್ರಮತಿ ಅಲ್ಲೇ ಬೇವಿನ ಬುಡದಲ್ಲಿ ಮಂಡಿಯೂರಿದಳು. ಕೈಗಳನ್ನು ಎಂದಿನಂತೆ ಅಗಲಿಸಿದಳು. ಹುಡುಗ ಕಣ್ಣೊರೆಸಿಕೊಂಡು ಅವಳನ್ನೇ ನೋಡುತ್ತಾ, ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆಯನ್ನು ಹುಷಾರಾಗಿ ಇಡುತ್ತಾ, ಮುದುಕರು ನಡೆದು ಬರುವಂತೆ ಮೆಲ್ಲಗೆ ನಡೆದು ಬಂದ.